ಬರೆಯದ ಲೇಖನಿಯ ಬೆಲೆ

ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸಗಳಲ್ಲಿ ನಾಣ್ಯ ಮತ್ತು ಅಂಚೆಚೀಟಿಗಳ ಸಂಗ್ರಹಕ್ಕೆ ಬಹುಕಾಲದ ಪ್ರತಿಷ್ಠೆಯಿದೆ. ಆ ಸಾಲಿಗೆ ಈಗ ಹಳೆಯ ಫೌಂಟನ್ ಪೆನ್ನುಗಳೂ ಅವುಗಳ ಜೊತೆಯ ಬರವಣಿಗೆಯ ಪರಿಕರಗಳೂ ಬಂದು ಸೇರಿವೆ. ಒಬ್ಬರು ಬಳಸಿ ಬಿಟ್ಟ ಲೇಖನಿ, ಗಾಜಿನ ಮಸಿಕುಡಿಕೆ, ಹಿತ್ತಾಳೆಯ ದೌತಿ, ಮಸಿ ಹೀರುವ ಕಾಗದದ ಹಿಡಿ, ಲಕೋಟೆ ಸೀಳುವ ಚೂರಿ, ಅರಗಿನ ಮೇಲೆ ಒತ್ತುವ ಮುದ್ರೆ, ಇವನ್ನೆಲ್ಲ ಹುಡುಕಿ ಕೊಂಡು, ತೊಳೆದು ಒರೆಸಿ, ಪೆಟ್ಟಿಗೆಗಳಲ್ಲಿ ಜೋಡಿಸಿಡುವವರ ಬಳಗವೊಂದು ನಮ್ಮ ದೇಶದ ದೊಡ್ಡ ನಗರಗಳಲ್ಲಿ ಬೆಳೆದಿದೆ. ಜೂಜು, ಮದ್ಯ ಮೊದಲಾದ ವ್ಯಸನಗಳ ಎದುರಿಗೆ ಇಟ್ಟು ನೋಡಿದರೆ ಇದು ಸಾತ್ತ್ವಿಕವಾದ ಹವ್ಯಾಸವೆಂದೇ ತೋರುತ್ತದೆ. ಲೇಖನಿಯು ಜ್ಞಾನದ ಉಪಕರಣ. ಅದನ್ನು ಪ್ರೀತಿಸುವವನಲ್ಲಿ ದೋಷವೇನಿದೆ ಎಂದು ಯಾರಾದರೂ ಕೇಳಬಹುದು.

ದೋಷವಿದೆಯೆಂದು ಮೊದಲೇ ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ಆದರೆ ಒಂದು ಹವ್ಯಾಸವು ವಸ್ತುಗಳಿಗೆ ಬೆಲೆ ಕಟ್ಟತೊಡಗಿದಾಗ, ಆ ಬೆಲೆಯ ಅಳತೆಗೋಲು ಯಾವುದೆಂದು ಪರೀಕ್ಷಿಸುವುದು ವಿಮರ್ಶೆಯ ಕರ್ತವ್ಯ. ಈ ಪರೀಕ್ಷೆಯು ನಗರದ ಸಂಗ್ರಾಹಕನಿಗಿಂತ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂಥ ಊರುಗಳ ಕುಟುಂಬಗಳಿಗೆ ಹೆಚ್ಚು ಅಗತ್ಯ. ಕೊಳ್ಳುವವನು ನಗರದಲ್ಲಿದ್ದರೂ, ಅವನು ಅರಸುವ ವಸ್ತು ಇರುವುದು ಇಂಥ ಊರುಗಳ ಅಟ್ಟದ ಮೇಲಿನ ಟ್ರಂಕುಗಳಲ್ಲಿ.

ಆ ಟ್ರಂಕುಗಳಲ್ಲಿ ಏನಿರುತ್ತದೆಂಬುದು ವ್ಯಾಪಾರಸ್ಥ ಕುಟುಂಬಗಳಿಗೆ ಹೇಳಬೇಕಾದ್ದಿಲ್ಲ. ಶ್ರೀನಿವಾಸಪುರದ ಮಾವಿನ ವಹಿವಾಟು, ಮಾಲೂರಿನ ಹೆಂಚು ಇಟ್ಟಿಗೆಗಳ ಉದ್ಯಮ, ಕೋಲಾರದ ರೇಷ್ಮೆ, ಮದ್ರಾಸಿನ ಹೆದ್ದಾರಿಯ ಮೇಲಿರುವ ಮುಳಬಾಗಿಲಿನ ಅಂಗಡಿಬೀದಿ, ಇವೆಲ್ಲವೂ ಬರವಣಿಗೆಯ ಬಲದಿಂದಲೇ ನಡೆದು ಬಂದವು. ದಿನದ ಲೆಕ್ಕದ ಪುಸ್ತಕ, ಖಾತೆ ಪುಸ್ತಕ, ರಸೀದಿ, ಸಾಲದ ಪತ್ರ, ಬಂಧುಗಳ ಕಾಗದ, ಮದುವೆಯ ಖರ್ಚಿನ ಪಟ್ಟಿ, ಬಸದಿಗೋ ಮಂದಿರಕ್ಕೋ ಕೊಟ್ಟ ದಾನದ ಟಿಪ್ಪಣಿ, ಇವುಗಳ ನಡುವೆ ಎಲ್ಲೋ ಒಂದು ಹಳೆಯ ಪೆನ್ನು. ಮನೆಯ ಹಿರಿಯರು ಕಾಲವಾದ ಮೇಲೆ, ಅಥವಾ ಮನೆಯೇ ಪಾಲಾದಾಗ, ಟ್ರಂಕು ತೆರೆಯುತ್ತದೆ. ಪೆನ್ನನ್ನು ಒಂದು ಕಡೆ ಎತ್ತಿಡುತ್ತಾರೆ, ಕಾಗದವನ್ನು ಇನ್ನೊಂದು ಕಡೆ. ಪೆನ್ನಿಗೆ ಬೆಲೆ ಬರುತ್ತದೆಂದು ಈಗ ಎಲ್ಲರೂ ಕೇಳಿದ್ದಾರೆ. ಕಾಗದವು ತೂಕದ ಲೆಕ್ಕದಲ್ಲಿ ರದ್ದಿಯ ಅಂಗಡಿ ಸೇರುತ್ತದೆ. ಈ ಒಂದು ವಿಂಗಡಣೆಯಲ್ಲಿ ಆಗುವ ನಷ್ಟವೇ ಇಲ್ಲಿಯ ವಿಚಾರ.

ಬರೆಯುವ ಸಾಧನಗಳು ಬದಲಾಗುವುದು ನಮ್ಮ ನಾಡಿಗೆ ಹೊಸದಲ್ಲ. ತಾಳೆಯ ಗರಿಯನ್ನು ಕೊರೆಯಲು ಕಬ್ಬಿಣದ ಕಂಠವಿತ್ತು. ಮಸಿಯಲ್ಲಿ ಅದ್ದಿ ಬರೆಯಲು ಲೆಕ್ಕಣಿಕೆಯಿತ್ತು. ಕನ್ನಡನಾಡಿನ ವರ್ತಕರೂ ಮಠಗಳೂ ಲೆಕ್ಕ ಬರೆಯಲು ಬಳಸುತ್ತಿದ್ದ ಕಡತವಂತೂ ಈ ನಾಡಿನ ವಿಶೇಷ ಸೃಷ್ಟಿ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಪುಸ್ತಕದ ಹಾಳೆಗಳಂತೆ ಹಿಂದುಮುಂದಾಗಿ ಮಡಿಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ತಪ್ಪಿದ್ದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು; ಜೋಪಾನವಾಗಿಟ್ಟರೆ ತಲೆಮಾರುಗಳ ಕಾಲ ಬರಹ ಉಳಿಯುತ್ತಿತ್ತು. ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಗ್ರಂಥದ ಪೀಠಿಕೆಯಲ್ಲಿ ಇದನ್ನು ವರ್ಣಿಸಿದ್ದಾನೆ. ಆ ವಸ್ತು ಮರೆಯಾಯಿತು, ಪದ ಉಳಿಯಿತು. ಇಂದು ಸರ್ಕಾರಿ ಕಚೇರಿಯ ಫೈಲನ್ನು ನಾವು ಕಡತವೆಂದೇ ಕರೆಯುತ್ತೇವೆ. ಆದರೆ ಒಂದು ಮಾತು ಗಮನಿಸತಕ್ಕದ್ದು. ಶೃಂಗೇರಿ ಮಠದ ಕಡತಗಳನ್ನು ಇಂದು ಇತಿಹಾಸಕಾರರು ಆಕರಗಳೆಂದು ಓದುತ್ತಾರೆ. ಅವನ್ನು ಬರೆದ ಬಳಪದ ತುಂಡುಗಳನ್ನು ಯಾರೂ ಎತ್ತಿಡಲಿಲ್ಲ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಫೌಂಟನ್ ಪೆನ್ನು ಈ ಪರಂಪರೆಗೆ ತಡವಾಗಿ ಬಂದ ಅತಿಥಿ. ಅಮೆರಿಕದ ಲೂಯಿಸ್ ವಾಟರ್ಮನ್ 1884ರಲ್ಲಿ ತನ್ನ ಪೆನ್ನಿಗೆ ಪೇಟೆಂಟು ಪಡೆದನು. ಪಾರ್ಕರ್ ಕಂಪನಿ ಸ್ಥಾಪನೆಯಾದದ್ದು 1888ರಲ್ಲಿ. ನಿಬ್ಬಿನ ಕೆಳಗಿನ ನಾಲಿಗೆಯ ಸಣ್ಣ ಸೀಳಿನಲ್ಲಿ ಶಾಯಿ ಇಳಿಯುತ್ತದೆ. ಇಳಿದಷ್ಟೇ ಗಾಳಿ ಒಳಗೆ ಹೋಗಬೇಕು. ಈ ಎರಡು ಹರಿವುಗಳ ಸಮತೋಲನವೇ ಅದರ ರಹಸ್ಯ. ಶಾಯಿಯ ಆಮ್ಲಗುಣ ಸಾಧಾರಣ ಉಕ್ಕನ್ನು ತಿನ್ನುವುದರಿಂದ ಒಳ್ಳೆಯ ಪೆನ್ನುಗಳಿಗೆ ಚಿನ್ನದ ನಿಬ್ಬನ್ನು ಹಾಕಿದರು. ಚಿನ್ನ ಮೃದುವಾದ್ದರಿಂದ ತುದಿಗೆ ಇರಿಡಿಯಂ ಜಾತಿಯ ಗಟ್ಟಿ ಲೋಹದ ಕಣವನ್ನು ಬೆಸೆದರು. 14 ಕ್ಯಾರಟ್ಟಿನ ನಿಬ್ಬಿನಲ್ಲಿ ಶೇಕಡ 58.5ರಷ್ಟು ಚಿನ್ನವಿರುತ್ತದೆ, ತೂಕ ಸಾಮಾನ್ಯವಾಗಿ ಒಂದು ಗ್ರಾಮಿನ ಒಳಗೇ. ಚಿನ್ನದ ಗಣಿಗಳಿಂದ ಜಗತ್ತಿಗೆ ಪರಿಚಿತವಾದ ಕೋಲಾರ ಜಿಲ್ಲೆಯ ಓದುಗರಿಗೆ ಈ ಲೆಕ್ಕ ಸುಲಭವಾಗಿ ಅರ್ಥವಾದೀತು. ಅಕ್ಕಸಾಲೆಯ ತಕ್ಕಡಿಯಲ್ಲಿ ಪೆನ್ನಿನ ಬೆಲೆ ಅತ್ಯಲ್ಪ. ಅದರ ಬೆಲೆ ಬೇರೆಲ್ಲೋ ಇದೆ.

ಸಂಗ್ರಾಹಕರು ಮಾಡಿರುವ ಉಪಕಾರವನ್ನು ಮೊದಲು ಹೇಳುವುದು ನ್ಯಾಯ. ದೇಶದ ಸ್ವಂತ ಲೇಖನಿಗಳ ನೆನಪು ಇಂದಿಗೂ ಉಳಿದಿರುವುದರಲ್ಲಿ ಅವರ ಪಾಲಿದೆ. ಕೋಲಾರದಂತೆ ತೆಲುಗು ಮಾತು ಬೆರೆತ ನಾಡಿನವರು ಹೆಸರು ಕೇಳಿರಬಹುದಾದ ರಾಜಮಹೇಂದ್ರಿಯಲ್ಲಿ, ಸ್ವದೇಶಿ ಚಳವಳಿಯ ಪ್ರೇರಣೆಯಿಂದ 1932ರಲ್ಲಿ ಕೆ. ವಿ. ರತ್ನಂ ಅವರು ಪೆನ್ನಿನ ತಯಾರಿಕೆಯನ್ನು ಆರಂಭಿಸಿದರು. ಗಟ್ಟಿ ರಬ್ಬರಾದ ಎಬೊನೈಟನ್ನು ಕೈಯಿಂದಲೇ ಕಡೆದು ಮಾಡಿದ ಅವರ ಪೆನ್ನೊಂದು ಜೆ. ಸಿ. ಕುಮಾರಪ್ಪನವರ ಮೂಲಕ ಗಾಂಧೀಜಿಯವರ ಕೈ ಸೇರಿತು. ಅದನ್ನು ಬಳಸಿ ನೋಡಿದ ಗಾಂಧೀಜಿಯವರು ವಿದೇಶಿ ಪೆನ್ನುಗಳಿಗೆ ಇದು ಒಳ್ಳೆಯ ಬದಲಿಯೆಂದು 1935ರಲ್ಲಿ ಪತ್ರ ಬರೆದರು. ಬಂಗಾಳದಲ್ಲಿ ಮೈತ್ರ ಸೋದರರು 1934ರಲ್ಲಿ ಆರಂಭಿಸಿದ ಸುಲೇಖಾ ಶಾಯಿ ನಡುವೆ ನಿಂತುಹೋಗಿ, 2020ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿತು. ಕೊಳ್ಳುವವರು ಇದ್ದುದರಿಂದಲ್ಲವೆ ಅದು ಮರಳಿ ಬಂದದ್ದು? ಹಳೆಯ ಪೆನ್ನನ್ನು ಬಿಚ್ಚಿ, ಒಣಗಿದ ಶಾಯಿಯನ್ನು ತೊಳೆದು, ಮತ್ತೆ ಬರೆಯುವಂತೆ ಮಾಡುವ ಕೌಶಲವೂ ಇವರ ನಡುವೆ ಉಳಿದಿದೆ. ಬಿಸಾಡುವ ಪ್ಲಾಸ್ಟಿಕ್ ಪೆನ್ನುಗಳ ಈ ಕಾಲದಲ್ಲಿ ಒಂದು ವಸ್ತುವನ್ನು ದುರಸ್ತಿ ಮಾಡಿ ಬಾಳಿಸುವುದು ಸಣ್ಣ ಗುಣವಲ್ಲ.

ಇಷ್ಟನ್ನು ಒಪ್ಪಿದ ಮೇಲೆ ಮಾರುಕಟ್ಟೆಯ ಅಳತೆಗೋಲಿನ ಕಡೆ ತಿರುಗೋಣ. ಹಳೆಯ ಪೆನ್ನುಗಳ ವ್ಯಾಪಾರದಲ್ಲಿ ಎರಡು ರೂಢಿಗಳಿವೆ. ಒಂದನೆಯದು, ಶಾಯಿಯನ್ನೇ ಕಾಣದ, ಅಂಗಡಿಯ ಚೀಟಿಯೂ ಕಿತ್ತಿರದ ಪೆನ್ನಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಎರಡನೆಯದು, ಪೆನ್ನಿನ ಮೈಮೇಲೆ ಹಿಂದಿನ ಒಡೆಯನ ಹೆಸರು ಕೆತ್ತಿದ್ದರೆ, ಆ ಒಡೆಯ ಪ್ರಸಿದ್ಧನಲ್ಲದ ಪಕ್ಷದಲ್ಲಿ, ಬೆಲೆ ಇಳಿಯುತ್ತದೆ. ಹೆಸರನ್ನು ಉಜ್ಜಿ ಅಳಿಸಿ ಮಾರುವವರೂ ಉಂಟು. ಈ ಎರಡು ರೂಢಿಗಳ ಅರ್ಥವನ್ನು ಯೋಚಿಸಬೇಕು. ನಲವತ್ತು ವರ್ಷ ಒಂದು ಶಾಲೆಯ ಹಾಜರಿ ಪುಸ್ತಕವನ್ನು ಬರೆದ ಪೆನ್ನಿಗಿಂತ, ಒಂದು ಅಕ್ಷರವನ್ನೂ ಬರೆಯದೆ ಪೆಟ್ಟಿಗೆಯಲ್ಲಿ ಮಲಗಿದ್ದ ಪೆನ್ನು ಶ್ರೇಷ್ಠವೆನಿಸುತ್ತದೆ. ನಿವೃತ್ತಿಯ ದಿನ ಸಹೋದ್ಯೋಗಿಗಳು ಪ್ರೀತಿಯಿಂದ ಕೆತ್ತಿಸಿ ಕೊಟ್ಟ ಹೆಸರು ಕಲೆಯೆಂದು ಎಣಿಕೆಯಾಗುತ್ತದೆ. ಒಂದು ಸಾಧನವು ತನ್ನ ಧರ್ಮವನ್ನು ನಡೆಸಿದ್ದೇ ಅದರ ಕೊರತೆಯಾಗುವ ವಿಚಿತ್ರ ನ್ಯಾಯ ಇದು.

ಈ ನ್ಯಾಯವು ತನ್ನ ಕೊನೆಯ ಮೆಟ್ಟಿಲಿಗೆ ಹೋದಾಗ ಏನಾಗುತ್ತದೆಂಬುದಕ್ಕೆ 2009ರ ಪ್ರಸಂಗವೊಂದು ಸಾಕ್ಷಿ. ಮಾಂಟ್‌ಬ್ಲಾಂಕ್ ಕಂಪನಿಯು ಆ ವರ್ಷ ಗಾಂಧೀಜಿಯವರ ಹೆಸರಿನಲ್ಲಿ ಬಿಳಿ ಚಿನ್ನದ 241 ಪೆನ್ನುಗಳನ್ನು ಹೊರತಂದಿತು. ದಂಡಿಯಾತ್ರೆಯ 241 ಮೈಲಿಗಳ ಸ್ಮರಣೆಗಾಗಿ ಈ ಸಂಖ್ಯೆ ಎಂದು ಹೇಳಲಾಯಿತು. ಒಂದೊಂದರ ಬೆಲೆ ಹತ್ತು ಲಕ್ಷ ರೂಪಾಯಿಗೂ ಮಿಕ್ಕಿತ್ತು. ಇದನ್ನು ಪ್ರಶ್ನಿಸಿ ಕೇರಳದಲ್ಲಿ ನ್ಯಾಯಾಲಯಕ್ಕೆ ಮೊರೆಹೋದರು. 2010ರಲ್ಲಿ ಮಾರಾಟ ನಿಂತಿತು. ಕಾನೂನಿನ ಪ್ರಶ್ನೆ ಹೇಗೇ ಇರಲಿ, ವಿಮರ್ಶೆಯ ಪ್ರಶ್ನೆ ಸರಳವಾದದ್ದು. ಉಪ್ಪಿನ ಮೇಲಿನ ತೆರಿಗೆ ಬಡವನಿಗೆ ಭಾರವೆಂದು ನಡೆದ ಮಹಾತ್ಮನ ಹೆಜ್ಜೆಗಳನ್ನು ಶ್ರೀಮಂತನ ಕಪಾಟಿನ ಲೆಕ್ಕಕ್ಕೆ ಅಳತೆಯಾಗಿ ಬಳಸಿದಾಗ, ಸ್ಮರಣೆ ಎಂಬ ಮಾತಿಗೆ ಅರ್ಥ ಉಳಿಯುತ್ತದೆಯೆ? ರಾಜಮಹೇಂದ್ರಿಯ ಎಬೊನೈಟ್ ಪೆನ್ನು ಗಾಂಧೀಜಿಯವರಿಗೆ ಒಪ್ಪಿಗೆಯಾದದ್ದು ಅದು ಚೆನ್ನಾಗಿ ಬರೆದದ್ದರಿಂದ. ಬಿಳಿ ಚಿನ್ನದ ಪೆನ್ನಿನ ವಿಷಯದಲ್ಲಿ ಅದು ಹೇಗೆ ಬರೆಯುತ್ತದೆಂದು ಯಾರೂ ಕೇಳಿದಂತಿಲ್ಲ.

ಇದಕ್ಕೆ ಎದುರಾಗಿ ನಮ್ಮ ನೆಲದ ರೂಢಿಯನ್ನಿಟ್ಟು ನೋಡಬಹುದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳದು. ಈ ನಾಲ್ಕು ತಾಲ್ಲೂಕುಗಳ ಕಲ್ಲುಬರಹಗಳೂ ಅದರಲ್ಲಿವೆ. ಕನ್ನಡನಾಡಿನ ಶಾಸನಗಳನ್ನು ಓದುವವರು ಅನೇಕ ಶಾಸನಗಳ ಕೊನೆಯಲ್ಲಿ ಪಾಠವನ್ನು ರಚಿಸಿದವನ, ಬರೆದವನ, ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರುಗಳನ್ನು ಕಾಣುತ್ತಾರೆ. ದಾನ ಕೊಟ್ಟ ಅರಸನ ಹೆಸರಿನೊಡನೆ ಉಳಿ ಹಿಡಿದ ಕೈಯ ಹೆಸರೂ ನಿಲ್ಲಲೆಂಬುದು ಆ ಕಾಲದವರ ವಿವೇಕ. ಆ ಉಳಿಗಳು ತುಕ್ಕು ಹಿಡಿದು ಮಣ್ಣಾದವು. ಬರಹವೂ ಬರೆದವನ ಹೆಸರೂ ಉಳಿದವು. ಇಂದು ನಾವು ಉಳಿಯನ್ನು ಇಟ್ಟುಕೊಂಡು, ಬರಹವನ್ನು ರದ್ದಿಗೆ ಹಾಕಿ, ಹೆಸರನ್ನು ಉಜ್ಜಿ ಅಳಿಸುತ್ತಿದ್ದೇವೆ. ಮೂರರಲ್ಲಿ ಉಳಿಸಬೇಕಾದ್ದು ಯಾವುದೆಂಬ ಆಯ್ಕೆಯೇ ತಲೆಕೆಳಗಾಗಿದೆ.

ಈ ಜಿಲ್ಲೆಯು ಕನ್ನಡಕ್ಕೆ ಕೊಟ್ಟ ಇಬ್ಬರು ಹಿರಿಯ ಲೇಖಕರ ದೃಷ್ಟಾಂತವೂ ಇದೇ ಮಾತನ್ನು ಹೇಳುತ್ತದೆ. ಡಿ. ವಿ. ಗುಂಡಪ್ಪನವರು 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದರು. ಪತ್ರಿಕಾವೃತ್ತಿಯಿಂದ ಬದುಕಿದ ಆ ಹಿರಿಯರು ತಮಗೆ ಸರ್ಕಾರದಿಂದ ಬಂದ ಚೆಕ್ಕುಗಳನ್ನು ನಗದು ಮಾಡಿಸದೆ ಹಾಗೆಯೇ ಇಟ್ಟಿದ್ದರೆಂಬ ವೃತ್ತಾಂತ ಕನ್ನಡನಾಡಿನಲ್ಲಿ ಮನೆಮಾತಾಗಿದೆ. ಇಂಥ ಶೀಲಕ್ಕೆ ಸಾಕ್ಷಿ ನುಡಿಯಬಲ್ಲದ್ದು ಪೆಟ್ಟಿಗೆಯಲ್ಲಿ ಉಳಿದ ಕಾಗದ. ಲೇಖನಿ ಎಷ್ಟೇ ಹಳೆಯದಾಗಿರಲಿ, ಎಷ್ಟೇ ದುಬಾರಿಯಾಗಿರಲಿ, ಈ ವಿಷಯದಲ್ಲಿ ಮೂಕವೇ. 1970ರಲ್ಲಿ ತಮಗೆ ಸಂದ ಗೌರವನಿಧಿಯನ್ನು ಡಿವಿಜಿಯವರು ತಾವು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೇ ಕೊಟ್ಟರು. 1945ರಲ್ಲಿ ಆರಂಭವಾದ ಆ ಸಂಸ್ಥೆಯೇ ಅವರ ಸ್ಮಾರಕ. ಅಲ್ಲಿ ಜನ ಓದುತ್ತಾರೆ, ಉಪನ್ಯಾಸ ಕೇಳುತ್ತಾರೆ.

ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ ಹುಟ್ಟಿ, ಮೈಸೂರು ಸರ್ಕಾರದ ಸೇವೆಯಲ್ಲಿ ಹಗಲೆಲ್ಲ ಕಚೇರಿಯ ಕಡತಗಳನ್ನು ಬರೆದು, ಉಳಿದ ವೇಳೆಯಲ್ಲಿ ನೂರಕ್ಕೂ ಮಿಕ್ಕ ಪುಸ್ತಕಗಳನ್ನು ರಚಿಸಿದರು. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಮಾಸ್ತಿ ಗ್ರಾಮದಲ್ಲಿರುವ ಅವರ ಮನೆ ಇಂದು ಗ್ರಂಥಾಲಯವಾಗಿದೆ. ಲೇಖಕನ ಮನೆಗೆ ಇದಕ್ಕಿಂತ ಉಚಿತವಾದ ಗತಿಯಿಲ್ಲ. ಗಾಜಿನ ಪೆಟ್ಟಿಗೆಯೊಳಗಿನ ಪೆನ್ನನ್ನು ನೋಡಿ ಬಂದವನು ಲೇಖಕನನ್ನು ಕಂಡಂತಾಗದು. ಅವನ ಊರಿನ ಹುಡುಗ ಆ ಮನೆಯಲ್ಲಿ ಕುಳಿತು ಒಂದು ಕಥೆಯನ್ನು ಓದಿದರೆ ಲೇಖಕ ಮತ್ತೆ ಮಾತಾಡುತ್ತಾನೆ.

ಶ್ರುತವನ್ನು ಉಳಿಸಿದವರ ಇತಿಹಾಸದಲ್ಲೂ ಇದೇ ಪಾಠವಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅವಳು ಸಾವಿರ ಕಂಠಗಳನ್ನು ಕೂಡಿಟ್ಟಿದ್ದರೆ ಇಂದು ಅವಳನ್ನು ಯಾರು ನೆನೆಯುತ್ತಿದ್ದರು? ಮೂಡುಬಿದಿರೆಯ ಧವಲಾ ತಾಳೆಗರಿಗಳು ಶತಮಾನಗಳ ಕಾಲ ಭಕ್ತಿಯಿಂದ ಕಾಪಾಡಲ್ಪಟ್ಟವು. ಅವು ಪ್ರತಿಯಾಗಿ, 1939ರಿಂದ ಮುದ್ರಣಗೊಂಡು, ವಿದ್ವಾಂಸರ ಕೈಗೆ ಬಂದಾಗಲೇ ಆ ಕಾಪಾಡುವಿಕೆ ಸಾರ್ಥಕವಾಯಿತು. ಕಾಪಾಡುವುದು ಓದಿಸುವುದಕ್ಕಾಗಿ ಎಂಬ ಸಂಬಂಧ ತಪ್ಪಿದರೆ ಉಳಿಯುವುದು ಕಾವಲು ಮಾತ್ರ.

ಇನ್ನು ವ್ಯವಹಾರದ ಶುದ್ಧಿಯ ಪ್ರಶ್ನೆ. ಪೆನ್ನಿನ ಬೆಲೆ ಬಲ್ಲವನು, ಬೆಲೆ ತಿಳಿಯದ ವೃದ್ಧೆಯೊಬ್ಬಳ ಮನೆಯಿಂದ ಅದನ್ನು ಚಿಲ್ಲರೆ ಹಣಕ್ಕೆ ಕೊಂಡು ನೂರು ಪಟ್ಟಿಗೆ ಮಾರಿದರೆ, ಹವ್ಯಾಸಿಗಳ ನಡುವೆ ಅದನ್ನು ಜಾಣತನವೆಂದು ಹೊಗಳುವುದುಂಟು. ಕಾನೂನಿನಲ್ಲಿ ಇದು ಕಳ್ಳತನವಲ್ಲದಿರಬಹುದು. ಆದರೆ ಅಚೌರ್ಯದ ವ್ರತವನ್ನು ಬಲ್ಲ ಮನೆತನಗಳಲ್ಲಿ ಇದನ್ನು ಜಾಣತನವೆಂದು ಹೇಳಲು ನಾಲಿಗೆ ತಡೆಯಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಆ ವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು, ಎಂದರೆ ಒಂದರಂತೆ ಕಾಣುವ ಇನ್ನೊಂದನ್ನು ಅದೇ ಎಂದು ನಂಬಿಸಿ ಮಾರುವುದನ್ನು ಸೇರಿಸುತ್ತದೆ. ಹಳೆಯ ಪೆನ್ನುಗಳ ವ್ಯಾಪಾರದಲ್ಲಿ ಇದು ದಿನನಿತ್ಯದ ಅಪಾಯ. ಒಂದು ಪೆನ್ನಿನ ಮೈ, ಇನ್ನೊಂದರ ಮುಚ್ಚಳ, ಮೂರನೆಯದರ ನಿಬ್ಬು ಸೇರಿಸಿ ಮೂಲದ್ದೆಂದು ಮಾರಬಹುದು. ಪಾರ್ಕರ್ ಕಂಪನಿ 1941ರಲ್ಲಿ ಹೊರತಂದ 51 ಎಂಬ ಪೆನ್ನಿನ ರೂಪವನ್ನು ಎಷ್ಟೋ ತಯಾರಕರು ಅನುಸರಿಸಿದರು. ನಮ್ಮಲ್ಲಿ ಮನೆಮನೆಗೂ ಪರಿಚಿತವಾಗಿದ್ದ ಚೀನಾದ ಹೀರೋ ಪೆನ್ನೂ ಆ ರೂಪದ್ದೇ. ಹೀರೋ ಎಂದು ಹೇಳಿ ಮಾರಿದರೆ ದೋಷವಿಲ್ಲ. ಹೇಳದೆ ಮಾರಿದರೆ ಇದೆ.

ಅದೇ ಅಧ್ಯಾಯವು ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಹೇಳುತ್ತದೆ. ಸುಳ್ಳು ಬರಹ ಸೃಷ್ಟಿಸುವುದು ಎಂದು ಅದರ ಅರ್ಥ. ಇಂಥ ಕವಿಯ ಪೆನ್ನು, ಇಂಥ ದಿವಾನರ ಪೆನ್ನು ಎಂಬ ಚೀಟಿಯನ್ನು ಆಧಾರವಿಲ್ಲದೆ ಅಂಟಿಸುವುದು ಇದಕ್ಕೆ ಸೇರದೆ ಇನ್ನಾವುದಕ್ಕೆ ಸೇರೀತು? ಪೆನ್ನಿನ ಪೂರ್ವಕಥೆಗೆ ಪ್ರಮಾಣವಾಗಬಲ್ಲದ್ದು ಅದರ ಜೊತೆಯಲ್ಲಿದ್ದ ಪತ್ರ, ದಿನಚರಿ, ರಸೀದಿಗಳು. ಅವನ್ನೇ ರದ್ದಿಗೆ ಹಾಕಿದ ಮೇಲೆ ಸುಳ್ಳು ಹೇಳುವವನಿಗೆ ಅಡ್ಡಿಯೂ ಇಲ್ಲ, ನಿಜ ಹೇಳುವವನಿಗೆ ಆಧಾರವೂ ಇಲ್ಲ. ಪೆನ್ನನ್ನು ಕಾಗದದಿಂದ ಅಗಲಿಸಿದ್ದರ ಫಲ ಕೊನೆಗೆ ಸಂಗ್ರಾಹಕನ ಕಪಾಟನ್ನೇ ಸಂಶಯಕ್ಕೆ ಗುರಿಮಾಡುತ್ತದೆ.

ಪರಿಕರಗಳ ವಿಷಯದಲ್ಲಿ ಮತ್ತೊಂದು ಎಚ್ಚರ ಅಗತ್ಯ. ಹಳೆಯ ಬರವಣಿಗೆಯ ಮೇಜಿನ ಮೇಲೆ ಆನೆಯ ದಂತದ ಹಿಡಿಯುಳ್ಳ ಚೂರಿಗಳೂ, ಆಮೆಯ ಚಿಪ್ಪಿನ ಪೆಟ್ಟಿಗೆಗಳೂ ಇರುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಷಿದ್ಧವಾಗಿದೆ. ವಸ್ತು ಹಳೆಯದೆಂಬ ನೆಪ ಅಲ್ಲಿ ನಡೆಯದು. ಕಾಯ್ದೆಗೂ ಶತಮಾನಗಳ ಮೊದಲೇ ಉಪಾಸಕದಶಾಂಗದಲ್ಲಿಯೂ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಶ್ರಾವಕನು ಬಿಡತಕ್ಕ 15 ಕರ್ಮಾದಾನಗಳ ನಡುವೆ ದಂತವಾಣಿಜ್ಯ ಮತ್ತು ಲಾಕ್ಷಾವಾಣಿಜ್ಯಗಳು ಎಣಿಕೆಯಾಗಿವೆ. ಲಾಕ್ಷೆ ಎಂದರೆ ಅರಗು. ಅಸಂಖ್ಯಾತ ಕ್ರಿಮಿಗಳ ನಾಶದಿಂದ ದೊರೆಯುವಂಥದು. ಹಳೆಯ ಪೆನ್ನಿನ ರಬ್ಬರು ಚೀಲವನ್ನು ಅಂಟಿಸಲು ದುರಸ್ತಿಗಾರರು ಸಾಮಾನ್ಯವಾಗಿ ಬಳಸುವುದು ಇದೇ ಅರಗಿನಿಂದಾದ ಶೆಲ್ಲಾಕನ್ನು. ದೇಶೀಯ ಎಬೊನೈಟ್ ಪೆನ್ನುಗಳಲ್ಲಿ ಬಹುಪಾಲಿಗೆ ಚೀಲವೇ ಇಲ್ಲ. ಫಿಲ್ಲರಿನಿಂದ ನೇರವಾಗಿ ಮೈಯೊಳಗೇ ಶಾಯಿ ತುಂಬುವ ಕಾರಣ ಈ ಅಂಟಿನ ಅಗತ್ಯವಿರದು. ಅಹಿಂಸೆಯನ್ನು ಊಟದ ಎಲೆಗಷ್ಟೇ ಸೀಮಿತಗೊಳಿಸದ ಮನೆಯವರು ಪೆನ್ನನ್ನು ಆರಿಸುವಾಗಲೂ ಇದನ್ನು ಯೋಚಿಸಬಹುದು.

ಇಲ್ಲಿ ಸಂಗ್ರಾಹಕರ ಪಕ್ಷದಿಂದ ಒಂದು ಬಲವಾದ ಉತ್ತರವಿದೆ. ನಾವು ಕೊಳ್ಳದಿದ್ದರೆ ಈ ಪೆನ್ನುಗಳೂ ಕಾಗದದೊಡನೆ ಗುಜರಿಗೇ ಹೋಗುತ್ತಿದ್ದವು. ಚಿನ್ನದ ಬೆಲೆ ಏರಿದಾಗ ನಿಬ್ಬುಗಳನ್ನು ಕಿತ್ತು ಕರಗಿಸುತ್ತಿದ್ದರು. ಕುಟುಂಬದವರೇ ಬೇಡವೆಂದದ್ದನ್ನು ನಾವು ಉಳಿಸಿದ್ದೇವೆ, ನಮ್ಮನ್ನು ದೂರುವುದೇಕೆ? ಈ ಮಾತು ಸತ್ಯಕ್ಕೆ ದೂರವಲ್ಲ. ಕಾಗದವನ್ನು ರದ್ದಿಗೆ ಹಾಕಿದವನು ಸಂಗ್ರಾಹಕನಲ್ಲ, ಮನೆಯವನೇ. ಆದರೆ ಬೆಲೆಯ ಪಟ್ಟಿಯನ್ನು ಹಿಡಿದು ಬಂದವನು, ಯಾವುದಕ್ಕೆ ಬೆಲೆಯಿದೆ ಯಾವುದಕ್ಕಿಲ್ಲ ಎಂಬುದನ್ನೂ ಮನೆಯವರಿಗೆ ಕಲಿಸುತ್ತಾನೆ. ಪೆನ್ನನ್ನು ಎತ್ತಿಕೊಂಡು ಕಾಗದದ ಕಟ್ಟನ್ನು ಪಕ್ಕಕ್ಕೆ ಸರಿಸಿದ ಕೈ ಒಂದು ಪಾಠವನ್ನು ಹೇಳಿಹೋಗುತ್ತದೆ. ಉತ್ತಮ ಸಂಗ್ರಾಹಕನೆಂದರೆ, ಈ ಪೆನ್ನನ್ನು ಯಾರು ಬಳಸಿದರು, ಇದರಿಂದ ಏನು ಬರೆದರು ಎಂದು ಮೊದಲು ಕೇಳಿ ಬರೆದುಕೊಳ್ಳುವವನು. ಅಂಥವರ ಸಂಗ್ರಹ ಹತ್ತು ಪೆನ್ನುಗಳದ್ದಾದರೂ ಅದು ಒಂದು ಊರಿನ ಚರಿತ್ರೆ. ಕೇಳದವನ ಸಂಗ್ರಹ ಸಾವಿರದ್ದಾದರೂ ಅದು ಅಂಗಡಿ.

ಸಂಖ್ಯೆಯ ಮಾತು ಬಂದದ್ದರಿಂದ ಪರಿಗ್ರಹದ ವಿಚಾರವನ್ನು ತಪ್ಪಿಸಲಾಗದು. ವಸ್ತುವಿಗಿಂತ ವಸ್ತುವಿನ ಮೇಲಿನ ಮೂರ್ಛೆಯೇ ಪರಿಗ್ರಹವೆಂದು ನಮ್ಮ ಆಚಾರ್ಯರು ವಿವೇಚಿಸಿದ್ದಾರೆ. ಫೌಂಟನ್ ಪೆನ್ನಿನ ವಿಶೇಷವೆಂದರೆ, ಅದು ಒಂದೇ ಸಾಕೆನ್ನುವ ವಸ್ತು. ಬರೆದಷ್ಟೂ ನಿಬ್ಬು ಒಡೆಯನ ಕೈಯ ಓರೆಗೆ ಹೊಂದಿಕೊಳ್ಳುತ್ತದೆ. ಶಾಯಿ ತೀರಿದರೆ ತುಂಬಿಕೊಳ್ಳಬಹುದು. ಒಂದು ಆಯುಷ್ಯಕ್ಕೆ ಒಂದು ಪೆನ್ನು ಸಾಲುತ್ತದೆ. ಅಲ್ಪಪರಿಗ್ರಹಕ್ಕೆ ಇಷ್ಟು ಅನುಕೂಲವಾದ ವಸ್ತುವನ್ನೇ ನೂರುಗಟ್ಟಲೆ ಕೂಡಿಹಾಕುವುದು ವಿಪರ್ಯಾಸ. ಗೃಹಸ್ಥನಿಗೆ ಹೇಳಿರುವುದು ಪರಿಮಾಣ. ಇಷ್ಟೇ ಪೆನ್ನುಗಳು ನನ್ನಲ್ಲಿರಲಿ, ಹೊಸದೊಂದು ಬಂದರೆ ಹಳೆಯದೊಂದು ಬರೆಯುವ ಕೈಗೆ ಹೋಗಲಿ ಎಂಬ ಮಿತಿಯನ್ನು ತಾನೇ ಹಾಕಿಕೊಂಡ ಸಂಗ್ರಾಹಕನ ಹವ್ಯಾಸದಲ್ಲಿ ಮೂರ್ಛೆಗೆ ಎಡೆ ಕಡಿಮೆ.

ಕುಟುಂಬಗಳೂ ಟ್ರಸ್ಟುಗಳೂ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಟ್ರಂಕು ತೆರೆದ ದಿನ ಏನನ್ನೂ ಮಾರಬಾರದು. ಪೆನ್ನು ಯಾರದು, ಯಾವ ಕೆಲಸಕ್ಕೆ ಬಳಕೆಯಾಯಿತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಪೆನ್ನಿನ ಜೊತೆಗೇ ಇಡಬೇಕು. ಕಾಗದಗಳಿಂದ ಗುಂಡುಪಿನ್ನುಗಳನ್ನು ತೆಗೆದು, ಅಂಟುಪಟ್ಟಿ ಹಚ್ಚದೆ, ಲ್ಯಾಮಿನೇಟ್ ಮಾಡಿಸದೆ, ಶಾಸ್ತ್ರಗ್ರಂಥಗಳನ್ನು ಸುತ್ತುವಂತೆ ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಎತ್ತರದಲ್ಲಿಡಬೇಕು. ಪೆನ್ನನ್ನು ತಣ್ಣೀರಿನಲ್ಲಷ್ಟೇ ತೊಳೆಯಬೇಕು. ಬಿಸಿನೀರಿಗೂ ಬಿಸಿಲಿಗೂ ಎಬೊನೈಟಿನ ಕಪ್ಪು ಕಂದುಗಟ್ಟುತ್ತದೆ. ಹೆಸರು ಕೆತ್ತಿದ್ದರೆ ಅದನ್ನು ಉಜ್ಜಗೊಡಬಾರದು. ಕೊಡುವುದೇ ಆದರೆ ಬೆಲೆಯನ್ನು ಇಬ್ಬರು ಬಲ್ಲವರಲ್ಲಿ ವಿಚಾರಿಸಿ, ಮನೆಯ ಎಲ್ಲರ ಒಪ್ಪಿಗೆಯಿಂದ ಕೊಡಬೇಕು.

ಟ್ರಸ್ಟುಗಳ ಹೊಣೆ ಇನ್ನೂ ಹೆಚ್ಚಿನದು. ಮಂದಿರದ ಹಳೆಯ ಲೆಕ್ಕದ ಪುಸ್ತಕಗಳು ಟ್ರಸ್ಟಿಗಳ ಸ್ವಂತ ಆಸ್ತಿಯಲ್ಲ, ಸಮಾಜದ ಆಸ್ತಿ. ಯಾವ ವರ್ಷ ಯಾವ ಮನೆಯವರು ಎಷ್ಟು ಎಣ್ಣೆ, ಎಷ್ಟು ಅಕ್ಕಿ ಕೊಟ್ಟರೆಂಬ ಸಾಲುಗಳಲ್ಲಿ ಒಂದು ಊರಿನ ಬೆಲೆ, ಮಳೆ, ವಲಸೆ, ಔದಾರ್ಯಗಳೆಲ್ಲ ದಾಖಲಾಗಿರುತ್ತವೆ. ಶ್ರುತಪಂಚಮಿ, ಜ್ಞಾನಪಂಚಮಿಗಳಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ ಪೂಜಿಸುವ ಪದ್ಧತಿ ನಮ್ಮಲ್ಲಿದೆ. ಜ್ಞಾನಪಂಚಮಿಯಂದು ಲೇಖನಿ ಮಸಿಪಾತ್ರೆಗಳೂ ಜ್ಞಾನೋಪಕರಣಗಳೆಂದು ಪೂಜೆಗೆ ಸಲ್ಲುತ್ತವೆ. ದೀಪಾವಳಿಯಂದು ವರ್ತಕರು ಹೊಸ ಲೆಕ್ಕದ ಪುಸ್ತಕವನ್ನೂ ಲೇಖನಿಯನ್ನೂ ಒಟ್ಟಿಗೇ ಇಟ್ಟು ಪೂಜಿಸುತ್ತಾರೆ. ಪೂಜೆಯ ಮಣೆಯ ಮೇಲೆ ಪುಸ್ತಕವೂ ಲೇಖನಿಯೂ ಜೊತೆಯಾಗಿಯೇ ಇರುವುದನ್ನು ಗಮನಿಸಬೇಕು. ಅದೇ ದಿನ ಹಳೆಯ ಲೆಕ್ಕದ ಪುಸ್ತಕಗಳ ಪಟ್ಟಿಯೊಂದನ್ನು ಮಾಡಿದರೆ ಪೂಜೆಗೆ ಅರ್ಥ ಹೆಚ್ಚುತ್ತದೆ. ತಾಳೆಗರಿ, ಹಸ್ತಪ್ರತಿಗಳು ದೊರೆತಲ್ಲಿ ಶ್ರವಣಬೆಳಗೊಳದ ಪ್ರಾಕೃತ ಸಂಶೋಧನ ಸಂಸ್ಥೆಯಂಥ ಬಲ್ಲವರ ಸಲಹೆ ಕೇಳಬಹುದು. ದಾನವಾಗಿ ಬಂದ ಪೆನ್ನುಗಳಿದ್ದರೆ, ಚರಿತ್ರೆಯುಳ್ಳದ್ದನ್ನು ದಾಖಲೆಯೊಡನೆ ಉಳಿಸಿ, ಉಳಿದವನ್ನು ದುರಸ್ತಿ ಮಾಡಿಸಿ ಪಾಠಶಾಲೆಯ ಮಕ್ಕಳಿಗೆ ಕೊಡುವುದು ಒಳ್ಳೆಯದು.

ಕಂಠ ಹೋಯಿತು, ಕಡತದ ಬಳಪ ಹೋಯಿತು, ಫೌಂಟನ್ ಪೆನ್ನೂ ಒಂದು ದಿನ ಬಳಕೆಯಿಂದ ಪೂರ್ತಿಯಾಗಿ ಹೋಗಬಹುದು. ಇದು ಶೋಕಿಸತಕ್ಕ ವಿಷಯವಲ್ಲ. ಹೋದ ಲೇಖನಿಯನ್ನು ಹಣ ಕೊಟ್ಟು ಇನ್ನೊಂದೂರಿನಲ್ಲಿ ಕೊಳ್ಳಬಹುದು. ಅದೇ ಮಾದರಿಯ ಸಾವಿರಾರು ಪೆನ್ನುಗಳನ್ನು ಕಾರ್ಖಾನೆ ಮಾಡಿದೆ. ಒಬ್ಬ ಅಜ್ಜ ಮಗಳಿಗೆ ಬರೆದ ಕಾಗದ, ಒಂದು ಬಸದಿಯ ಬರಗಾಲದ ವರ್ಷದ ಲೆಕ್ಕ, ಇವುಗಳ ಪ್ರತಿ ಜಗತ್ತಿನಲ್ಲಿ ಒಂದೇ. ಮುಂದಿನ ಬಾರಿ ಟ್ರಂಕು ತೆರೆದಾಗ ನಮ್ಮ ಮನೆಗಳವರು ಮೊದಲು ಕಾಗದದ ಕಟ್ಟನ್ನು ಬಿಚ್ಚಿ ಓದಲಿ. ಪೆನ್ನಿನ ಬೆಲೆ ಎಷ್ಟೆಂಬುದು ಅದನ್ನು ಓದಿದ ಮೇಲೆ ಅವರಿಗೇ ತಿಳಿಯುತ್ತದೆ.